ಪ್ರಾಚೀನ ಗ್ರಂಥಗಳಲ್ಲಿ ಆಧುನಿಕ ವಿಜ್ಞಾನ: ಕರ್ನಾಟಕದಲ್ಲಿ ಬೆಳೆದ ವಾದ

ಪವಿತ್ರವೆಂದು ನಂಬಿದ ಗ್ರಂಥವೊಂದರಲ್ಲಿ, ಅದು ರಚನೆಯಾದ ಕಾಲಕ್ಕೆ ಯಾರಿಗೂ ತಿಳಿದಿರಲಾರದ ವೈಜ್ಞಾನಿಕ ಸತ್ಯ ಅಡಗಿದೆ ಎಂಬ ವಾದ ಅನೇಕ ಮತಗಳಲ್ಲಿದೆ. ಯೆಹೂದಿಗಳು ತೋರಾ ಮತ್ತು ತಾಲ್ಮುದ್‌ಗಳ ಬಗ್ಗೆ, ಮುಸ್ಲಿಮರು ಕುರಾನಿನ ಬಗ್ಗೆ, ಹಿಂದೂಗಳು ವೇದ ಪುರಾಣಗಳ ಬಗ್ಗೆ ಹೀಗೆ ಹೇಳಿದ್ದಾರೆ. ಭಾರತದಲ್ಲಿ ಈ ವಾದಕ್ಕೆ ಆಧಾರವಾಗಿ ಮತ್ತೆ ಮತ್ತೆ ಮುಂದಿಡುವ ಗ್ರಂಥಗಳಲ್ಲಿ ಹಲವಕ್ಕೆ ಕನ್ನಡನಾಡಿನ ನಂಟಿದೆ. ಆನೇಕಲ್ಲಿನ ‘ವೈಮಾನಿಕ ಶಾಸ್ತ್ರ’, ವಿಜಯನಗರದ ಸಾಯಣಭಾಷ್ಯ, ಬೆಂಗಳೂರಿನಲ್ಲಿ ಅಚ್ಚಾದ ‘ಸಿರಿಭೂವಲಯ’, ಶೃಂಗೇರಿಯ ಕಾಡಿನಲ್ಲಿ ಹೊಳೆಯಿತೆನ್ನುವ ‘ವೈದಿಕ ಗಣಿತ’ ಇವು ಮುಖ್ಯವಾದವು.

ಇಂಥ ಯಾವ ವಾದ ಎದುರಾದರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ವಿಜ್ಞಾನಿಗಳು ಆ ಸತ್ಯವನ್ನು ಕಂಡುಕೊಳ್ಳುವ ಮೊದಲೇ ಗ್ರಂಥವನ್ನು ಹಾಗೆ ಓದಿದವರು ಯಾರಾದರೂ ಇದ್ದರೇ? ಇದ್ದರೆ ಗ್ರಂಥ ಏನನ್ನೋ ಕಲಿಸಿದೆ ಎನ್ನಬಹುದು. ಶೋಧ ಆದ ಮೇಲಷ್ಟೇ ಆ ಅರ್ಥ ಕಂಡಿದ್ದರೆ, ಅದನ್ನು ತಂದಿಟ್ಟವನು ಓದುಗ.

ವಾದದ ಹುಟ್ಟು

ಈ ಬಗೆಯ ಓದು ಇಲ್ಲಿ ಗಟ್ಟಿಯಾದದ್ದು 19ನೆಯ ಶತಮಾನದಲ್ಲಿ. 1875ರಲ್ಲಿ ಮುಂಬಯಿಯಲ್ಲಿ ಆರ್ಯಸಮಾಜವನ್ನು ಕಟ್ಟಿದ ದಯಾನಂದ ಸರಸ್ವತಿಯವರು ‘ಋಗ್ವೇದಾದಿ ಭಾಷ್ಯಭೂಮಿಕಾ’ದಲ್ಲಿ ಹಡಗು, ವಿಮಾನ, ತಂತಿ ಸಮಾಚಾರಗಳಿಗೆ ಸಂಬಂಧಿಸಿದ ವಿದ್ಯೆಗಳನ್ನು ವೇದಮಂತ್ರಗಳಲ್ಲಿ ಕಂಡರು. ಅಷ್ಟು ಹೊತ್ತಿಗೆ ದೇಶದಲ್ಲಿ ತಂತಿ ಹರಿದು ಎರಡು ದಶಕ ಕಳೆದಿತ್ತು. ಪರಕೀಯರ ಆಳ್ವಿಕೆಯಲ್ಲಿ, ನಿಮಗೆ ಬುದ್ಧಿ ಕಲಿಸಲು ಬಂದವರು ನಾವು ಎಂಬ ಮಾತನ್ನು ದಿನವೂ ಕೇಳುತ್ತಿದ್ದ ಜನ ಇದನ್ನು ಆಸೆಯಿಂದ ಸ್ವೀಕರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆ ನೋವು ನಿಜವಾದದ್ದು. ಅದನ್ನು ಗೇಲಿ ಮಾಡಿದವರಿಗೆ ಈ ವಾದದ ಇತಿಹಾಸ ಅರ್ಥವಾಗುವುದಿಲ್ಲ.

ಯೆಹೂದಿ ಪರಂಪರೆಯಲ್ಲಿ ಈ ಚರ್ಚೆ ಇನ್ನೂ ಹಳೆಯದು, ಮತ್ತು ಅಲ್ಲಿನ ಹಿರಿಯರು ತೋರಿದ ನೇರವಂತಿಕೆ ಗಮನಿಸುವಂಥದು. ರಾತ್ರಿ ಹೊತ್ತು ಸೂರ್ಯ ಎಲ್ಲಿ ಹೋಗುತ್ತಾನೆ ಎಂಬ ವಿಷಯದಲ್ಲಿ ಇಸ್ರೇಲಿನ ಪಂಡಿತರಿಗೂ ಅನ್ಯಜನಾಂಗದ ಪಂಡಿತರಿಗೂ ಬಂದ ಭಿನ್ನಾಭಿಪ್ರಾಯವನ್ನು ತಾಲ್ಮುದ್‌ನ ‘ಪೆಸಾಹಿಮ್’ ಭಾಗ ದಾಖಲಿಸುತ್ತದೆ. ಅಲ್ಲಿ ರಬ್ಬಿ ಯೆಹೂದಾ ಹನಾಸಿ ಅನ್ಯರ ಮಾತೇ ಹೆಚ್ಚು ಸರಿಯೆನಿಸುತ್ತದೆ ಎಂದು ಒಪ್ಪಿಕೊಳ್ಳುತ್ತಾರೆ. 12ನೆಯ ಶತಮಾನದ ಯೆಹೂದಿ ಚಿಂತಕ ಮೈಮೊನಿಡೀಸ್ ಇನ್ನೂ ಮುಂದೆ ಹೋಗಿ, ಖಗೋಳದ ವಿಷಯದಲ್ಲಿ ತಾಲ್ಮುದ್‌ನ ಪಂಡಿತರು ಹೇಳಿದ್ದು ತಮ್ಮ ಕಾಲದ ತಿಳಿವಳಿಕೆಯನ್ನು, ಪ್ರವಾದಿಗಳಿಂದ ಬಂದದ್ದನ್ನಲ್ಲ ಎಂದು ಬರೆದ. ಆದರೂ ಹೊಸಗಾಲದಲ್ಲಿ ವಾದ ಮತ್ತೆ ತಲೆಯೆತ್ತಿತು. ತಾಲ್ಮುದ್ ಚಾಂದ್ರಮಾಸವನ್ನು 29 ದಿನ, 12 ಗಂಟೆ ಮತ್ತು ಗಂಟೆಯ 1080 ಭಾಗಗಳಲ್ಲಿ 793 ಭಾಗ ಎಂದು ಕೊಡುತ್ತದೆ. ಇಂದಿನ ಅಳತೆಗೆ ಇದು ಬೆರಗಾಗುವಷ್ಟು ಹತ್ತಿರ. ಆದರೆ ಇದೇ ಬೆಲೆ ಬ್ಯಾಬಿಲೋನಿಯದ ಜ್ಯೋತಿಷಿಗಳಿಗೆ ಮೊದಲೇ ಗೊತ್ತಿತ್ತು. ಗ್ರೀಕರ ಮೂಲಕ ಹಾದು ಬಂದು ಟಾಲೆಮಿಯ ‘ಅಲ್ಮಾಜೆಸ್ಟ್’ನಲ್ಲೂ ಅದೇ ಇದೆ. ಶತಮಾನಗಳ ಕಾಲ ಗ್ರಹಣಗಳನ್ನು ಎಣಿಸಿ ಬರೆದಿಟ್ಟ ಮನುಷ್ಯರ ದುಡಿಮೆ ಅದು.

ವೈಮಾನಿಕ ಶಾಸ್ತ್ರ

ಕರ್ನಾಟಕದ ಉದಾಹರಣೆಗಳಲ್ಲಿ ಅತಿ ಹೆಚ್ಚು ಹೆಸರಾದದ್ದು ಇದು. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಭರದ್ವಾಜ ಮಹರ್ಷಿಯಿಂದ ತಮಗೆ ಅಂತಃಸ್ಫೂರ್ತಿಯಲ್ಲಿ ದೊರೆತದ್ದೆಂದು ಸಂಸ್ಕೃತ ಶ್ಲೋಕಗಳನ್ನು ಹೇಳುತ್ತ ಹೋದರು, ಜಿ. ವೆಂಕಟಾಚಲ ಶರ್ಮರು ಬರೆದುಕೊಂಡರು. 1923ರ ಹೊತ್ತಿಗೆ ಬರವಣಿಗೆ ಮುಗಿಯಿತು. ಶಾಸ್ತ್ರಿಗಳ ಸೂಚನೆಯಂತೆ ಬೆಂಗಳೂರಿನ ನಕ್ಷೆಗಾರ ಟಿ.ಕೆ. ಎಲ್ಲಪ್ಪ ವಿಮಾನಗಳ ಚಿತ್ರ ಬರೆದರು. ಮೈಸೂರಿನ ಜಿ.ಆರ್. ಜೋಯ್ಸರ್ 1952ರಲ್ಲಿ ಕೃತಿಯನ್ನು ಲೋಕದ ಗಮನಕ್ಕೆ ತಂದರು. 1959ರಲ್ಲಿ ಹಿಂದಿ ಆವೃತ್ತಿ ಬಂತು, 1973ರಲ್ಲಿ ಜೋಯ್ಸರರ ಇಂಗ್ಲಿಷ್ ಅನುವಾದ ಮೈಸೂರಿನಿಂದ ಚಿತ್ರಗಳ ಸಮೇತ ಪ್ರಕಟವಾಯಿತು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ವಿವರ ಅದರಲ್ಲಿದೆ.

ಇಂಗ್ಲಿಷ್ ಆವೃತ್ತಿ ಬಂದ ಮರುವರ್ಷವೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು ಮತ್ತು ಎಸ್.ಪಿ. ಗೋವಿಂದರಾಜು ಅದರ ವಿಮರ್ಶೆಯನ್ನು ‘ಸೈಂಟಿಫಿಕ್ ಒಪೀನಿಯನ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇವರು ಪುಸ್ತಕವನ್ನು ತಳ್ಳಿಹಾಕಲೆಂದು ಕೈಗೆತ್ತಿಕೊಂಡವರಲ್ಲ. ಎಂಜಿನಿಯರು ಯಾವ ವಿನ್ಯಾಸವನ್ನಾದರೂ ಪರಿಶೀಲಿಸುವಂತೆ ಸಾಲುಸಾಲಾಗಿ ಓದಿದರು. ವಿಮಾನಕ್ಕೆ ಎತ್ತುವ ಬಲ ಎಲ್ಲಿಂದ ಬರುತ್ತದೆ, ಮುಂದಕ್ಕೆ ನೂಕುವುದು ಯಾವುದು, ಆಕಾರ ಗಾಳಿಯನ್ನು ಹೇಗೆ ಸೀಳುತ್ತದೆ, ಹೇಳಿದ ಲೋಹವನ್ನು ಹೇಳಿದ ಸಾಮಗ್ರಿಯಿಂದ ಮಾಡಲು ಬರುತ್ತದೆಯೇ ಎಂದು ನೋಡಿದರು. ಯಾವ ವಿಮಾನಕ್ಕೂ ಹಾರುವ ಗುಣವಿಲ್ಲ, ಅವುಗಳಿಗೆ ಹೇಳಿರುವ ಚಾಲನೆಯ ತತ್ತ್ವ ಹಾರಾಟಕ್ಕೆ ನೆರವಾಗುವ ಬದಲು ಅಡ್ಡಿಯಾಗುತ್ತದೆ ಎಂಬ ನಿರ್ಣಯಕ್ಕೆ ಬಂದರು. ಮೇಲಿನಿಂದ ಗಾಳಿಯನ್ನು ಸೆಳೆದು ಕೆಳಕ್ಕೆ ತಳ್ಳುವ ರುಕ್ಮ ವಿಮಾನದ ಕಲ್ಪನೆಯಲ್ಲಿ ಮಾತ್ರ ಅವರಿಗೆ ಒಂದಿಷ್ಟು ಅರ್ಥ ಕಂಡಿತು. ಭಾಷೆಯ ಪರೀಕ್ಷೆಯೂ ನಡೆಯಿತು. ಅದು ವೇದಕಾಲದ ಸಂಸ್ಕೃತವಲ್ಲ, ಹೊಸಗಾಲದ್ದು. ಕೃತಿ 20ನೆಯ ಶತಮಾನದ ಮೊದಲ ದಶಕಗಳಲ್ಲಿ ರೂಪುಗೊಂಡಿತೆಂದು ಅವರು ತೀರ್ಮಾನಿಸಿದರು. ರೈಟ್ ಸೋದರರು ಹಾರಿದ್ದು 1903ರಲ್ಲಿ.

ಸುಬ್ಬರಾಯ ಶಾಸ್ತ್ರಿಗಳು ಮೋಸಗಾರರೆಂದು ಆ ಐವರು ಹೇಳಲಿಲ್ಲ, ಹಾಗೆ ಹೇಳಲು ಕಾರಣವೂ ಇಲ್ಲ. ಅವರು ಬರೆಸಿದ್ದು ತಮ್ಮ ಕಾಲದ ಕನಸು. ಅದಕ್ಕೆ ಸಾವಿರಾರು ವರ್ಷದ ವಯಸ್ಸು ಕಟ್ಟಿದ್ದರಲ್ಲಿ ಮುಂದಿನವರ ಪಾಲು ದೊಡ್ಡದು. ಶಿವಕರ ಬಾಪೂಜಿ ತಳಪದೆ ಎಂಬವರು 1895ರಲ್ಲಿ ಮುಂಬಯಿಯ ಚೌಪಾಟಿಯಲ್ಲಿ ವಿಮಾನ ಹಾರಿಸಿದರೆಂಬ ಕಥೆಯನ್ನೂ ಇದರ ಜೊತೆ ಹೇಳುವುದುಂಟು. ಅದಕ್ಕೆ ನೆಚ್ಚುವಂಥ ಸಮಕಾಲೀನ ದಾಖಲೆಯ ಬೆಂಬಲ ಸಿಕ್ಕಿಲ್ಲ. 1974ರ ವಿಮರ್ಶೆ ಅಚ್ಚಾಗಿ ನಾಲ್ಕು ದಶಕ ಕಳೆದ ಮೇಲೂ, 2015ರ ಜನವರಿಯಲ್ಲಿ ಮುಂಬಯಿಯ ಭಾರತೀಯ ವಿಜ್ಞಾನ ಸಮ್ಮೇಳನದಲ್ಲಿ ಇದೇ ಗ್ರಂಥವನ್ನು ಆಧರಿಸಿದ ಪ್ರಬಂಧ ಮಂಡನೆಯಾಗಿ ದೇಶದಾದ್ಯಂತ ವಿವಾದವಾಯಿತು.

ಬೆಳಗಾವಿಯಲ್ಲಿ ಖಾನಾಪುರ ರಸ್ತೆಯ ಉದ್ಯಮಬಾಗದ ಫೌಂಡ್ರಿಗಳಿಗೂ ಮಷಿನ್ ಶಾಪ್‌ಗಳಿಗೂ ಆ ಐವರು ಕೇಳಿದ ಪ್ರಶ್ನೆಗಳು ಹೊಸವಲ್ಲ. ಅಲ್ಲಿಗೆ ಬರುವ ಡ್ರಾಯಿಂಗ್‌ನಲ್ಲಿ ಲೋಹದ ಗ್ರೇಡ್, ಪ್ರತಿ ಅಂಚಿನ ಅಳತೆ, ಎಷ್ಟು ಹೆಚ್ಚುಕಡಿಮೆ ಆಗಬಹುದೆಂಬ ಟಾಲರೆನ್ಸ್ ಇರಲೇಬೇಕು. ಇಲ್ಲದಿದ್ದರೆ ಪ್ಯಾಟರ್ನ್ ಮಾಡುವವನೂ ಲೇತ್ ಮೇಲೆ ನಿಂತವನೂ ಕೆಲಸ ಶುರು ಮಾಡುವುದಿಲ್ಲ. ಅದೇ ಜಿಲ್ಲೆಯ ಹತ್ತರಗಿಯಲ್ಲಿ ಇಂದು ನಿಜವಾದ ವಿಮಾನಗಳ ಬಿಡಿಭಾಗಗಳು ತಯಾರಾಗಿ ಹೊರದೇಶಗಳಿಗೆ ಹೋಗುತ್ತವೆ. ಎಲ್ಲಪ್ಪನವರ ಚಿತ್ರಗಳನ್ನು ಬೆಳಗಾವಿಯ ಯಾವ ಅನುಭವಿ ಫಿಟ್ಟರ್ ಕೈಗೆ ಕೊಟ್ಟರೂ, ವಿಜ್ಞಾನ ಸಂಸ್ಥೆಯವರು ಎತ್ತಿದ ಆಕ್ಷೇಪಗಳಲ್ಲಿ ಅರ್ಧದಷ್ಟನ್ನು ಅವನೇ ಎತ್ತಿಯಾನು.

ಸಾಯಣಭಾಷ್ಯ ಮತ್ತು ಬೆಳಕಿನ ವೇಗ

ಇದು ಬೇರೆ ಜಾತಿಯ ಉದಾಹರಣೆ. ಇಲ್ಲಿ ಗ್ರಂಥದ ಪ್ರಾಚೀನತೆಯಲ್ಲಿ ಸಂದೇಹವಿಲ್ಲ. ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿ ವೇದಗಳಿಗೆ ಭಾಷ್ಯ ಬರೆದ ಸಾಯಣಾಚಾರ್ಯ 1387ರಲ್ಲಿ ತೀರಿಕೊಂಡ. ಋಗ್ವೇದದ ಒಂದನೆಯ ಮಂಡಲದ 50ನೆಯ ಸೂಕ್ತ ಸೂರ್ಯನನ್ನು ಕುರಿತದ್ದು. ಅದರ ನಾಲ್ಕನೆಯ ಮಂತ್ರಕ್ಕೆ ಬರೆಯುವಾಗ ಅವನು, ಅರ್ಧ ನಿಮಿಷದಲ್ಲಿ 2,202 ಯೋಜನ ಸಾಗುವವನೆಂದು ಸೂರ್ಯನನ್ನು ಹೊಗಳುವ ಹಳೆಯ ಮಾತೊಂದನ್ನು ಉದ್ಧರಿಸುತ್ತಾನೆ. ಇಲ್ಲಿಯ ನಿಮಿಷವೆಂದರೆ ಕಣ್ಣೆವೆ ಇಕ್ಕುವಷ್ಟು ಹೊತ್ತು, ಯೋಜನವೆಂದರೆ ದೂರದ ಹಳೆಯ ಅಳತೆ. ಇದು ಬೆಳಕಿನ ವೇಗವೇ ಎಂಬುದು ವಾದ.

ಲೆಕ್ಕ ಹಾಕಿ ನೋಡಬಹುದು. ದಿನಕ್ಕೆ 4,05,000 ನಿಮಿಷಗಳೆಂಬ ಪುರಾಣದ ಎಣಿಕೆಯಂತೆ ಅರ್ಧ ನಿಮಿಷವೆಂದರೆ ಸುಮಾರು 0.107 ಸೆಕೆಂಡು. ಭೂಮಿಯ ವ್ಯಾಸ 1,600 ಯೋಜನ ಎನ್ನುವ ಸೂರ್ಯಸಿದ್ಧಾಂತದ ಯೋಜನ ಹಿಡಿದರೆ ವೇಗ ಸೆಕೆಂಡಿಗೆ 1,64,000 ಕಿ.ಮೀ. ಆಸುಪಾಸು ಬರುತ್ತದೆ. 1,050 ಯೋಜನ ಎನ್ನುವ ಆರ್ಯಭಟನ ಯೋಜನ ಹಿಡಿದರೆ 2,50,000 ಆಗುತ್ತದೆ. ಮನುಸ್ಮೃತಿಯ ನಿಮಿಷ ಇನ್ನೂ ಚಿಕ್ಕದು, ಅದನ್ನು ಸೂರ್ಯಸಿದ್ಧಾಂತದ ಯೋಜನಕ್ಕೆ ಜೋಡಿಸಿದರೆ 1,97,000. ಬೆಳಕಿನ ನಿಜವಾದ ವೇಗ 2,99,792 ಬರಬೇಕಾದರೆ ಪುರಾಣದ ನಿಮಿಷಕ್ಕೆ ಸುಮಾರು 14.5 ಕಿ.ಮೀ.ನ ಯೋಜನ ಬೇಕು. ಉತ್ತರ ಮೊದಲೇ ಗೊತ್ತಿದ್ದವರಿಗೆ ಮಾತ್ರ ಆ ಯೋಜನವನ್ನು ಆರಿಸಿಕೊಳ್ಳಲು ಸಾಧ್ಯ.

ಮಾತು ಬೆಳಕಿನದ್ದಲ್ಲ, ಸೂರ್ಯ ಆಕಾಶದಲ್ಲಿ ಓಡುವ ಓಟದ್ದು. ಭಾಗವತದ ಐದನೆಯ ಸ್ಕಂಧದಲ್ಲೂ ಸೂರ್ಯನ ರಥ ಒಂದು ಕ್ಷಣದಲ್ಲಿ ಎರಡು ಸಾವಿರ ಯೋಜನದ ಮೇಲೆ ಎರಡು ಕ್ರೋಶ ಸಾಗುತ್ತದೆ ಎಂದಿದೆ. ಸಾಯಣ ಎತ್ತಿಕೊಂಡ ಸಂಖ್ಯೆ ಈ ಪುರಾಣದ ಕುಲಕ್ಕೇ ಸೇರಿದ್ದು. ಸಾಯಣಭಾಷ್ಯದೊಂದಿಗೆ ಋಗ್ವೇದವನ್ನು ಮ್ಯಾಕ್ಸ್ ಮುಲ್ಲರ್ ಅಚ್ಚು ಹಾಕಿಸಲು ತೊಡಗಿದ್ದು 1849ರಲ್ಲಿ. ಅದೇ ವರ್ಷ ಫ್ರಾನ್ಸಿನ ಫಿಜೋ ಬೆಳಕಿನ ವೇಗವನ್ನು ನೆಲದ ಮೇಲೆ ಮೊದಲ ಬಾರಿಗೆ ಅಳೆದ. ಎರಡನ್ನೂ ಗಂಟುಹಾಕುವ ವಾದ ಪ್ರಚಾರ ಪಡೆದದ್ದು 20ನೆಯ ಶತಮಾನದ ಕೊನೆಯಲ್ಲಿ.

ದುಃಖದ ಸಂಗತಿಯೆಂದರೆ, ಅದೇ ಮಂತ್ರದ ಭಾಷ್ಯದಲ್ಲಿ ಸಾಯಣ ಹೇಳಿದ ನಿಜವಾದ ವಿಜ್ಞಾನವನ್ನು ಯಾರೂ ಎತ್ತಿ ತೋರಿಸುವುದಿಲ್ಲ. ಚಂದ್ರ ಮುಂತಾದ ಬಿಂಬಗಳ ಮೇಲೆ ಬಿದ್ದ ಸೂರ್ಯಕಿರಣ ಮರಳಿ ಬಂದು ರಾತ್ರಿಯ ಕತ್ತಲೆ ಕಳೆಯುತ್ತದೆ, ಕನ್ನಡಿಗೆ ತಾಗಿದ ಬಿಸಿಲು ಮನೆಯೊಳಗಿನ ಕತ್ತಲೆ ಕಳೆಯುವ ಹಾಗೆ ಎಂದು ಅವನು ವಿವರಿಸುತ್ತಾನೆ. ಹಿಂದಿನಿಂದ ಬಂದ ಈ ತಿಳಿವಳಿಕೆಯನ್ನು ಅವನು ಅರಿತು ಬರೆದಿದ್ದ.

ಸಿರಿಭೂವಲಯ

ಜೈನಮುನಿ ಕುಮುದೇಂದು ರಚಿಸಿದನೆನ್ನುವ ಈ ಕೃತಿ ಅಕ್ಷರಗಳ ಬದಲು ಅಂಕಿಗಳಲ್ಲಿದೆ. 27 ಸಾಲು, 27 ಕಂಬಗಳ ಚೌಕ, ಒಟ್ಟು 729 ಮನೆ. ಪ್ರತಿ ಮನೆಯಲ್ಲಿ 1ರಿಂದ 64ರೊಳಗಿನ ಒಂದು ಅಂಕಿ. ಒಂದೊಂದು ಅಂಕಿಗೂ ಒಂದು ಧ್ವನಿ. ಬಂಧಗಳೆಂಬ ನಿಗದಿಯಾದ ದಾರಿಗಳಲ್ಲಿ ಮನೆಯಿಂದ ಮನೆಗೆ ಹೋದರೆ ಸಾಂಗತ್ಯ ಛಂದಸ್ಸಿನ ಕನ್ನಡ ಪದ್ಯಗಳು ಮೂಡುತ್ತವೆ. ಎಲ್ಲಪ್ಪ ಶಾಸ್ತ್ರಿ, ಕರ್ಲಮಂಗಲಂ ಶ್ರೀಕಂಠಯ್ಯ ಮತ್ತು ಕನ್ನಡ ಬೆರಳಚ್ಚು ಯಂತ್ರಕ್ಕೆ ಹೆಸರಾದ ಕೆ. ಅನಂತಸುಬ್ಬರಾಯರ ಶ್ರಮದಿಂದ 1953ರಲ್ಲಿ ಒಂದು ಭಾಗ ಬೆಂಗಳೂರಿನಲ್ಲಿ ಅಚ್ಚಾಯಿತು. ಇದು 9ನೆಯ ಶತಮಾನದ್ದು, 718 ಭಾಷೆಗಳು ಇದರಲ್ಲಿವೆ, ಅಣುವಿಜ್ಞಾನದವರೆಗೆ ಸಕಲ ಶಾಸ್ತ್ರವೂ ಇದೆ ಎಂಬ ಮಾತುಗಳು ಹಬ್ಬಿದವು. ಸಾಂಗತ್ಯ ಕನ್ನಡ ಕಾವ್ಯದಲ್ಲಿ ನೆಲೆಗೊಂಡದ್ದು 13ನೆಯ ಶತಮಾನದ ಶಿಶುಮಾಯಣನ ಕಾಲಕ್ಕೆ. ಅಷ್ಟರಿಂದಲೇ 9ನೆಯ ಶತಮಾನದ ಮಾತು ಕಷ್ಟಕ್ಕೆ ಬೀಳುತ್ತದೆ.

ಯೆಹೂದಿಗಳ ‘ತೋರಾ ಸಂಕೇತ’ದ ವಾದ ಇದಕ್ಕೆ ಬಹಳ ಹತ್ತಿರ. ಆದಿಕಾಂಡದ ಹೀಬ್ರೂ ಅಕ್ಷರಗಳನ್ನು ಸಮಾನ ಅಂತರದಲ್ಲಿ ಜಿಗಿಯುತ್ತ ಓದಿದರೆ ಎಷ್ಟೋ ಕಾಲದ ನಂತರ ಬದುಕಿದ ರಬ್ಬಿಗಳ ಹೆಸರು, ತಿಥಿಗಳು ಸಿಗುತ್ತವೆ ಎಂದು ವಿಟ್ಜ್‌ಟಮ್, ರಿಪ್ಸ್ ಮತ್ತು ರೋಸೆನ್‌ಬರ್ಗ್ 1994ರಲ್ಲಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಬರೆದರು. 1999ರಲ್ಲಿ ಮೆಕೇ ಮತ್ತು ಸಂಗಡಿಗರು ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಹೆಸರುಗಳನ್ನು ಬರೆಯುವ ರೀತಿಯಲ್ಲಿ ಸ್ವಲ್ಪ ಸಡಿಲಿಕೆ ಇದ್ದರೆ ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ಯ ಹೀಬ್ರೂ ಅನುವಾದದಲ್ಲೂ ಅಂಥದೇ ಫಲ ಸಿಗುತ್ತದೆಂದು ತೋರಿಸಿದರು. ಸಿರಿಭೂವಲಯ ಈ ಅರ್ಥದಲ್ಲಿ ಹೆಚ್ಚು ಗಟ್ಟಿಯಾದ ಕೃತಿ. ಅದನ್ನು ಕಟ್ಟಿದವನು ನಿಜವಾಗಿಯೂ ಅಂಕಿಗಳಲ್ಲಿ ಪದ್ಯ ಅಡಗಿಸಿಟ್ಟ, ಆ ಕೌಶಲ ಬೆರಗಿನದು. ಆದರೆ ಅವನು ಹಾಕಿದ ದಾರಿಯನ್ನು ಬಿಟ್ಟು ಓದುಗ ತನಗೆ ಬೇಕಾದ ದಾರಿ ಹಿಡಿದಾಗ, 729 ಮನೆಗಳಲ್ಲಿ ಏನು ಬೇಕಾದರೂ ಸಿಗುತ್ತದೆ.

ವೈದಿಕ ಗಣಿತ

ಪುರಿಯ ಶಂಕರಾಚಾರ್ಯರಾಗಿದ್ದ ಭಾರತೀ ಕೃಷ್ಣ ತೀರ್ಥರ ‘ವೇದಿಕ್ ಮ್ಯಾಥಮ್ಯಾಟಿಕ್ಸ್’ 1965ರಲ್ಲಿ, ಅವರು ತೀರಿಕೊಂಡ ಐದು ವರ್ಷಗಳ ಮೇಲೆ ಪ್ರಕಟವಾಯಿತು. ಶೃಂಗೇರಿಯ ಸುತ್ತಣ ಕಾಡಿನಲ್ಲಿ ಎಂಟು ವರ್ಷ ತಪಸ್ಸು ಮಾಡಿ ಅಥರ್ವವೇದದ ಪರಿಶಿಷ್ಟದಿಂದ 16 ಸೂತ್ರಗಳನ್ನು ಪಡೆದರೆಂಬುದು ಅದರ ಹಿನ್ನೆಲೆ. ಗಣಿತ ಇತಿಹಾಸಕಾರ ಕೆ.ಎಸ್. ಶುಕ್ಲ 1950ರಲ್ಲಿ ಲಖನೌದಲ್ಲಿ ಪ್ರಕಟಿತ ಪರಿಶಿಷ್ಟವನ್ನು ಮುಂದಿಟ್ಟು ಕೇಳಿದಾಗ, ಆ ಸೂತ್ರಗಳು ಇದರಲ್ಲಿಲ್ಲ, ತಮ್ಮ ಸ್ವಂತ ಪರಿಶಿಷ್ಟದಲ್ಲಿವೆ ಎಂದು ಸ್ವಾಮಿಗಳೇ ಹೇಳಿದರು. ಗಣಿತಜ್ಞ ಎಸ್.ಜಿ. ದಾನಿ 1993ರಿಂದ ಈ ವಿಷಯವನ್ನು ಬಿಡಿಸಿ ಬರೆದಿದ್ದಾರೆ. ಬೇಗ ಗುಣಿಸುವ ಆ ಉಪಾಯಗಳು ಮಕ್ಕಳಿಗೆ ಖುಷಿ ಕೊಡುತ್ತವೆ. ಅವು ಸ್ವಾಮಿಗಳದೇ ಜಾಣ್ಮೆ, ಅವರ ಹೆಸರಿನಲ್ಲೇ ಉಳಿಯಬೇಕು.

ಮರೆಗೆ ಸರಿದವರು

ಇಂಥ ವಾದಗಳಿಂದ ನಷ್ಟವಾದದ್ದು ಕಾಲ, ಕರ್ತೃ, ಲೆಕ್ಕ ಎಲ್ಲವೂ ಸ್ಪಷ್ಟವಾಗಿರುವ ಕನ್ನಡನಾಡಿನ ವಿದ್ವಾಂಸರಿಗೆ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ, ಸುಮಾರು 850ರಲ್ಲಿ, ಇಷ್ಟು ವಸ್ತುಗಳಿಂದ ಇಷ್ಟನ್ನು ಆರಿಸುವ ಬಗೆಗಳೆಷ್ಟು ಎಂಬುದಕ್ಕೆ ಸಾಮಾನ್ಯ ನಿಯಮ ಕೊಟ್ಟ. ಭಾಸ್ಕರಾಚಾರ್ಯನ 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಗುರುತ್ವದ ನಿಯಮ ಹುಡುಕುವವರು ಬಹಳ. ಅದೇ ಕೃತಿಯ ಬೀಜಗಣಿತದಲ್ಲಿ ಅವನು ವಿವರಿಸಿದ ಚಕ್ರವಾಲ ವಿಧಾನದಿಂದ ವರ್ಗಪ್ರಕೃತಿ ಎಂಬ ಅನಿರ್ದಿಷ್ಟ ವರ್ಗ ಸಮೀಕರಣಗಳಿಗೆ ಪೂರ್ಣಾಂಕದ ಉತ್ತರ ಸಿಗುತ್ತದೆ. ಯುರೋಪಿಗೆ ಅದು ದಕ್ಕಿದ್ದು 17ನೆಯ ಶತಮಾನದಲ್ಲಿ. ಇಲ್ಲಿ ಯಾವ ಸಂಕೇತವನ್ನೂ ಬಿಡಿಸಬೇಕಾಗಿಲ್ಲ, ಪುಸ್ತಕ ತೆರೆದು ಲೆಕ್ಕ ಮಾಡಿದರೆ ಉತ್ತರ ಬರುತ್ತದೆ.

12ನೆಯ ಶತಮಾನದ ರಾಜಾದಿತ್ಯನಂತೂ ಕನ್ನಡದಲ್ಲೇ ಬರೆದ ಮೊದಲ ಗಣಿತಜ್ಞ. ಅವನ ಊರು ಪೂವಿನಬಾಗೆ, ಅದನ್ನು ಬೆಳಗಾವಿ ಜಿಲ್ಲೆಯ ರಾಯಬಾಗವೆಂದು ಗುರುತಿಸುವುದುಂಟು. ‘ವ್ಯವಹಾರ ಗಣಿತ’ದಲ್ಲಿ ಅವನು ತ್ರೈರಾಶಿಕ, ಪಂಚರಾಶಿಕಗಳ ಸೂತ್ರಗಳನ್ನು ಕನ್ನಡ ಪದ್ಯದಲ್ಲಿ ಹೇಳಿ, ಉದಾಹರಣೆಗಳೊಂದಿಗೆ ಬಿಡಿಸಿ ತೋರಿಸುತ್ತಾನೆ.