ಆಟಗಾರನಿಗೆ ಬೆಲೆ ಕಟ್ಟುವ ಬಗೆ

1936ರ ಫೆಬ್ರುವರಿ 8ರಂದು ಅಮೆರಿಕದ ಫಿಲಡೆಲ್ಫಿಯಾ ನಗರದ ರಿಟ್ಜ್-ಕಾರ್ಲ್‌ಟನ್ ಹೋಟೆಲಿನಲ್ಲಿ ಒಂಬತ್ತು ಫುಟ್‌ಬಾಲ್ ತಂಡಗಳ ಪ್ರಮುಖರು ಸಭೆ ಸೇರಿದ್ದರು. ಎದುರಿಗೊಂದು ಕಪ್ಪು ಹಲಗೆ. ಅದರ ಮೇಲೆ ಕಾಲೇಜು ಆಟಗಾರರ 90 ಹೆಸರುಗಳು. ಒಬ್ಬರಾದ ಮೇಲೊಬ್ಬರಂತೆ ಸರದಿ ಪ್ರಕಾರ ಹೆಸರು ಆರಿಸುತ್ತ ಹೋದರು. ಒಂಬತ್ತು ಸುತ್ತುಗಳಲ್ಲಿ ಒಟ್ಟು 81 ಮಂದಿಯ ಆಯ್ಕೆಯಾಯಿತು. ಅಮೆರಿಕದ ಕ್ರೀಡಾಲೋಕದಲ್ಲಿ ಇಂದು ದೊಡ್ಡ ಹಬ್ಬದಂತೆ ನಡೆಯುವ 'ಡ್ರಾಫ್ಟ್' ಪದ್ಧತಿ ಆರಂಭವಾದದ್ದು ಹೀಗೆ.

ಇಲ್ಲಿ ಹೇಳುತ್ತಿರುವುದು ನಮ್ಮ ಕಾಲ್ಚೆಂಡಾಟದ ಮಾತಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಅಡ್ಡ ಬಂದವನನ್ನು ನೆಲಕ್ಕೆ ಕೆಡವುವ ಅಮೆರಿಕನ್ ಫುಟ್‌ಬಾಲಿನ ಮಾತು. ಈ ಆಟಕ್ಕೆ ಅಲ್ಲಿನ ಕಾಲೇಜುಗಳೇ ಗರಡಿಮನೆ. ಕಾಲೇಜಿನಲ್ಲಿ ಪಳಗಿದ ಹುಡುಗರ ಪೈಕಿ ಯಾರು ನಾಳೆ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ನಿಲ್ಲಬಲ್ಲರು ಎಂದು ಮುಂಚಿತವಾಗಿ ಹೇಳುವುದು ಈಗ ಅಲ್ಲಿ ಒಂದು ದೊಡ್ಡ ವಿದ್ಯೆ. ಆ ವಿದ್ಯೆಗೆ ತೊಂಬತ್ತು ವರ್ಷಗಳ ಇತಿಹಾಸವಿದೆ. ಸಾಧನಗಳು ಎಷ್ಟೇ ಬದಲಾದರೂ ನೋಡುವವನ ಕಣ್ಣಿಗೆ ಅಂಟಿದ ಪೂರ್ವಗ್ರಹ ಸುಲಭವಾಗಿ ಕಳೆಯುವುದಿಲ್ಲ ಎಂಬುದು ಆ ಇತಿಹಾಸ ಹೇಳುವ ಮುಖ್ಯ ಮಾತು.

ಸೋತವನಿಗೆ ಮೊದಲ ಸರದಿ

ಡ್ರಾಫ್ಟ್ ಪದ್ಧತಿಯನ್ನು ಸೂಚಿಸಿದವರು ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್. ಅವರದು ಸದಾ ಸೋಲುವ, ಕೈಯಲ್ಲಿ ಕಾಸಿಲ್ಲದ ತಂಡ. ಒಳ್ಳೆಯ ಆಟಗಾರರನ್ನೆಲ್ಲ ಹಣವುಳ್ಳ ತಂಡಗಳು ಕೊಂಡುಬಿಡುತ್ತಿದ್ದವು. ಗೆಲ್ಲುವವರು ಗೆಲ್ಲುತ್ತಲೇ, ಸೋಲುವವರು ಸೋಲುತ್ತಲೇ ಇದ್ದರೆ ಪ್ರೇಕ್ಷಕರು ಬರುವುದು ನಿಂತು ಇಡೀ ಲೀಗ್ ಮುಳುಗುತ್ತದೆ ಎಂದು ಬೆಲ್ 1935ರಲ್ಲಿ ವಾದಿಸಿದರು. ಹಿಂದಿನ ವರ್ಷ ಕೊನೆಯ ಸ್ಥಾನ ಪಡೆದ ತಂಡಕ್ಕೆ ಮೊದಲ ಆಯ್ಕೆ, ಗೆದ್ದ ತಂಡಕ್ಕೆ ಕೊನೆಯ ಆಯ್ಕೆ ಎಂಬುದು ಅವರ ಸೂತ್ರ. ಬಲಿಷ್ಠ ತಂಡಗಳ ಮಾಲೀಕರೂ ಒಪ್ಪಿದರು.

ಐಪಿಎಲ್ ಹರಾಜನ್ನು ಕಂಡ ಭಾರತದ ಓದುಗರಿಗೆ ಇಲ್ಲಿರುವ ವ್ಯತ್ಯಾಸ ಸುಲಭವಾಗಿ ಹೊಳೆದೀತು. ಹರಾಜಿನಲ್ಲಿ ಮಾತನಾಡುವುದು ಹಣದ ಥೈಲಿ. ಡ್ರಾಫ್ಟ್‌ನಲ್ಲಿ ಮಾತನಾಡುವುದು ಸರದಿ. ಆಯ್ಕೆಯಾದ ಹುಡುಗ ತನಗಿಷ್ಟವಾದ ತಂಡವನ್ನು ಆರಿಸಿಕೊಳ್ಳುವಂತಿಲ್ಲ. ಅವನ ಹೆಸರು ಕೂಗಿದ ತಂಡದೊಂದಿಗೇ ಒಪ್ಪಂದ. ಹೀಗಾಗಿ ಯಾರನ್ನು ಆರಿಸಬೇಕು ಎಂಬ ತಿಳಿವಳಿಕೆಗೆ ಹಣಕ್ಕಿಂತ ಹೆಚ್ಚು ಬೆಲೆ ಬಂತು.

ಆದರೆ ಮೊದಲ ವರ್ಷ ಆ ತಿಳಿವಳಿಕೆ ಬಂದದ್ದು ದಿನಪತ್ರಿಕೆಗಳಿಂದ. ಆಟಗಾರರನ್ನು ಹುಡುಕಲೆಂದೇ ನೇಮಿಸಿದ ಸಿಬ್ಬಂದಿ ಯಾವ ತಂಡದಲ್ಲೂ ಇರಲಿಲ್ಲ. ಪತ್ರಿಕೆಗಳ ವರದಿ, ಪರಿಚಯದ ಕೋಚ್‌ಗಳ ಮಾತು ಇವೇ ಆಧಾರ. ನ್ಯೂಯಾರ್ಕ್ ಜೈಂಟ್ಸ್ ಮಾಲೀಕರ ಮಗ ವೆಲಿಂಗ್ಟನ್ ಮಾರಾ ಹೊರ ಊರುಗಳ ಪತ್ರಿಕೆ ತರಿಸಿ ಟಿಪ್ಪಣಿ ಮಾಡಿಟ್ಟುಕೊಳ್ಳುತ್ತಿದ್ದುದೇ ದೊಡ್ಡ ಸಿದ್ಧತೆ ಎನಿಸಿತ್ತು.

ಮೊಟ್ಟಮೊದಲು ಆಯ್ಕೆಯಾದವನು ಶಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವ್ಯಾಂಗರ್. ಮುಂದೆ ಹೈಸ್‌ಮನ್ ಎಂದು ಹೆಸರಾದ ಅತ್ಯುತ್ತಮ ಕಾಲೇಜು ಆಟಗಾರನ ಪ್ರಶಸ್ತಿಯನ್ನು ಮೊದಲು ಪಡೆದವನೂ ಆತನೇ. ಆದರೆ ಸಂಬಳದ ಮಾತು ಮುರಿದುಬಿದ್ದು, ಆತ ಒಂದೇ ಒಂದು ವೃತ್ತಿಪರ ಪಂದ್ಯವನ್ನೂ ಆಡಲಿಲ್ಲ. ಫೋಮ್ ರಬ್ಬರ್ ಮಾರಾಟಕ್ಕೆ ಸೇರಿಕೊಂಡ. ಆಯ್ಕೆಯಾದ 81 ಮಂದಿಯಲ್ಲಿ ಆ ವರ್ಷ ಲೀಗ್ ಸೇರಿದವರು 24 ಮಂದಿ ಮಾತ್ರ. ಫುಟ್‌ಬಾಲ್ ಆಡಿ ಸಂಸಾರ ತೂಗಿಸಬಹುದೆಂಬ ನಂಬಿಕೆ ಆಗಿನ್ನೂ ಹುಟ್ಟಿರಲಿಲ್ಲ.

ಯಾರೂ ನೋಡದ ಕಾಲೇಜುಗಳು

ಎರಡನೇ ಮಹಾಯುದ್ಧ ಮುಗಿದ ಮೇಲೆ ಚಿತ್ರ ಬದಲಾಯಿತು. 1946ರಲ್ಲಿ ಲಾಸ್ ಏಂಜಲೀಸ್‌ಗೆ ಸ್ಥಳಾಂತರಗೊಂಡ ರ‍್ಯಾಮ್ಸ್ ತಂಡದ ಮಾಲೀಕ ಡ್ಯಾನ್ ರೀವ್ಸ್, ಎಡ್ಡಿ ಕೋಟಲ್ ಎಂಬುವರನ್ನು ಪೂರ್ಣಾವಧಿ ಪ್ರತಿಭಾನ್ವೇಷಕರಾಗಿ ನೇಮಿಸಿದರು. ಊರೂರು ಸುತ್ತಿ ಕಾಲೇಜು ಆಟಗಾರರನ್ನು ನೋಡಿ ವರದಿ ಒಪ್ಪಿಸುವುದಷ್ಟೇ ಅವರ ಕೆಲಸ. ಇಂದು 'ಸ್ಕೌಟ್' ಎಂದು ಕರೆಯುವ ಹುದ್ದೆಯ ಮೂಲಪುರುಷ ಆತ.

ಕೋಟಲ್ ಇತರರು ಕಾಲಿಡದ ಕಡೆಗೂ ಹೋದರು. 1934ರಿಂದ 1945ರವರೆಗೆ ಎನ್‌ಎಫ್‌ಎಲ್‌ನಲ್ಲಿ ಒಬ್ಬ ಕರಿಯ ಆಟಗಾರನೂ ಇರಲಿಲ್ಲ. ಲಿಖಿತ ನಿಯಮವಿಲ್ಲದಿದ್ದರೂ ಮಾಲೀಕರ ನಡುವೆ ಒಳ ಒಪ್ಪಂದದಂತೆ ಆ ಬಹಿಷ್ಕಾರ ನಡೆದಿತ್ತು. ದಕ್ಷಿಣದ ರಾಜ್ಯಗಳಲ್ಲಿ ಕರಿಯರು ಕರಿಯರಿಗಾಗಿಯೇ ಇದ್ದ ಕಾಲೇಜುಗಳಲ್ಲಿ ಓದಬೇಕಿತ್ತು. ಆ ಮೈದಾನಗಳತ್ತ ವೃತ್ತಿಪರ ತಂಡಗಳು ತಲೆ ಹಾಕಿರಲಿಲ್ಲ. 1949ರಲ್ಲಿ ಲೂಸಿಯಾನಾದ ಗ್ರ್ಯಾಂಬ್ಲಿಂಗ್ ಕಾಲೇಜಿನ ಟ್ಯಾಂಕ್ ಯಂಗರ್‌ನನ್ನು ರ‍್ಯಾಮ್ಸ್ ಸೇರಿಸಿಕೊಂಡಿತು. ಅಂಥ ಕಾಲೇಜಿನಿಂದ ಲೀಗ್‌ಗೆ ಬಂದ ಮೊದಲಿಗ ಆತ. ಡ್ರಾಫ್ಟ್‌ನಲ್ಲಿ ಆತನ ಹೆಸರನ್ನು ಯಾವ ತಂಡವೂ ಕೂಗಿರಲಿಲ್ಲ.

ಈ ದಾರಿಯಲ್ಲಿ ಇನ್ನಷ್ಟು ದೂರ ನಡೆದವರು ಬಿಲ್ ನನ್. ಪಿಟ್ಸ್‌ಬರ್ಗ್‌ನ ಕರಿಯರ ಪತ್ರಿಕೆ 'ಪಿಟ್ಸ್‌ಬರ್ಗ್ ಕೊರಿಯರ್'ನ ಕ್ರೀಡಾ ಸಂಪಾದಕರಾಗಿದ್ದ ಅವರು ವರ್ಷವರ್ಷವೂ ಕರಿಯ ಕಾಲೇಜುಗಳ ಅತ್ಯುತ್ತಮ ಆಟಗಾರರ ಪಟ್ಟಿ ಪ್ರಕಟಿಸುತ್ತಿದ್ದರು. ಆ ಕಾಲೇಜುಗಳ ಕೋಚ್‌ಗಳೆಲ್ಲ ಅವರಿಗೆ ಪರಿಚಿತರು. 1960ರ ದಶಕದ ಕೊನೆಯಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ ಅವರನ್ನು ಪ್ರತಿಭಾನ್ವೇಷಕರಾಗಿ ಕರೆದುಕೊಂಡಿತು.

ಅಲಬಾಮಾ ಎ ಅಂಡ್ ಎಂ ಕಾಲೇಜಿನ ಜಾನ್ ಸ್ಟಾಲ್‌ವರ್ತ್‌ನನ್ನು ಪರೀಕ್ಷಿಸಲು ಹಲವು ತಂಡಗಳವರೊಂದಿಗೆ ನನ್ ಹೋಗಿದ್ದ ಕಥೆ ಪ್ರಸಿದ್ಧ. ಒದ್ದೆ ಮೈದಾನದಲ್ಲಿ ಹುಡುಗನ ಓಟ ನಿಧಾನವಾಯಿತು. ಉಳಿದವರು ಆ ಅಂಕಿಯನ್ನು ಬರೆದುಕೊಂಡು ಮುಂದಿನ ಊರಿಗೆ ಹೊರಟರು. ನನ್ ಮೈ ಸರಿಯಿಲ್ಲವೆಂದು ನೆಪ ಹೇಳಿ ಅಲ್ಲೇ ಉಳಿದರು. ಮತ್ತೆ ಒಣ ನೆಲದ ಮೇಲೆ ಓಡಿಸಿ ನೋಡಿದರೆ ಹುಡುಗ ನಿಜಕ್ಕೂ ವೇಗಿ. 1974ರ ಡ್ರಾಫ್ಟ್‌ನ ನಾಲ್ಕನೇ ಸುತ್ತಿನಲ್ಲಿ ಸ್ಟೀಲರ್ಸ್ ಸ್ಟಾಲ್‌ವರ್ತ್‌ನನ್ನು ಆರಿಸಿತು. ಅದೇ ವರ್ಷ ಅದು ಆರಿಸಿದ ಲಿನ್ ಸ್ವಾನ್, ಜ್ಯಾಕ್ ಲ್ಯಾಂಬರ್ಟ್, ಮೈಕ್ ವೆಬ್‌ಸ್ಟರ್ ಮತ್ತು ಸ್ಟಾಲ್‌ವರ್ತ್ ನಾಲ್ವರೂ ಮುಂದೆ ಆಟದ ಕೀರ್ತಿಭವನ 'ಹಾಲ್ ಆಫ್ ಫೇಮ್' ಸೇರಿದರು. ಆ ತಂಡ ಆರು ವರ್ಷಗಳಲ್ಲಿ ನಾಲ್ಕು ಸೂಪರ್ ಬೌಲ್ ಗೆದ್ದಿತು.

ಭಾರತೀಯನೊಬ್ಬನ ಗಣಿತ

ಇದೇ ಕಾಲದಲ್ಲಿ ಟೆಕ್ಸಸ್ ರಾಜ್ಯದ ಡಲ್ಲಾಸ್ ಕೌಬಾಯ್ಸ್ ತಂಡ ಬೇರೊಂದು ದಾರಿ ಹಿಡಿದಿತ್ತು. ತಂಡದ ಆಡಳಿತಗಾರ ಟೆಕ್ಸ್ ಶ್ರಾಮ್, 1960ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಕಂಪ್ಯೂಟರು ಲೆಕ್ಕ ಹಾಕುವುದನ್ನು ಕಂಡಿದ್ದರು. ಅದೇ ಯಂತ್ರ ಆಟಗಾರರನ್ನು ತೂಗಲು ಏಕೆ ಆಗದು ಎಂಬುದು ಅವರ ಪ್ರಶ್ನೆ. ಅವರು ಮೊರೆಹೋದದ್ದು ಐಬಿಎಂನ ಅಂಗಸಂಸ್ಥೆಯಲ್ಲಿದ್ದ ಸಲಾಂ ಖುರೇಷಿ ಎಂಬ ಭಾರತ ಮೂಲದ ಸಂಖ್ಯಾಶಾಸ್ತ್ರಜ್ಞನನ್ನು. ಖುರೇಷಿಗೆ ಕ್ರಿಕೆಟ್ ಗೊತ್ತಿತ್ತು, ಅಮೆರಿಕನ್ ಫುಟ್‌ಬಾಲ್ ಗೊತ್ತಿರಲಿಲ್ಲ. ಶ್ರಾಮ್‌ಗೆ ಫುಟ್‌ಬಾಲ್ ಗೊತ್ತಿತ್ತು, ಕಂಪ್ಯೂಟರ್ ಗೊತ್ತಿರಲಿಲ್ಲ.

ಆಟ ಗೊತ್ತಿಲ್ಲದ್ದೇ ಖುರೇಷಿಗೆ ಅನುಕೂಲವಾಯಿತೆನ್ನಬೇಕು. ಪರಿಣತರು ಬಳಸುತ್ತಿದ್ದ ಮಾತುಗಳೇ ಗೊಂದಲದ ಮೂಲ ಎಂಬುದು ಹೊರಗಿನವನ ಕಿವಿಗೆ ಬೇಗ ಕೇಳಿಸಿತು. ಒಬ್ಬ 'ಚುರುಕು' ಎಂದದ್ದು ಇನ್ನೊಬ್ಬನಿಗೆ 'ವೇಗ', ಮತ್ತೊಬ್ಬನಿಗೆ 'ಚಾಲಾಕಿ'. ಎಲ್ಲರಿಗೂ ಒಂದೇ ಅರ್ಥ ಕೊಡುವ ಪ್ರಶ್ನೆಗಳನ್ನು ರೂಪಿಸಿ, ಉತ್ತರವನ್ನು ಅಂಕಿಯಲ್ಲಿ ಕೊಡುವಂತೆ ಮಾಡುವುದೇ ಮೊದಲ ಕೆಲಸವಾಯಿತು. ಬಹಳಷ್ಟು ಗುಣಗಳನ್ನು ಜಾಲಿಸಿ ಕೊನೆಗೆ ಐದು ಉಳಿಸಿಕೊಂಡರು: ಶೀಲ, ಚುರುಕು ಮತ್ತು ದೇಹದ ಮೇಲಿನ ಹತೋಟಿ, ಸೆಣಸುವ ಛಲ, ಬುದ್ಧಿಯ ಜಾಗೃತಿ, ಬಲ ಮತ್ತು ಅದು ಸಿಡಿಯುವ ರಭಸ. ಇವುಗಳಲ್ಲಿ ಗಡಿಯಾರಕ್ಕೂ ತಕ್ಕಡಿಗೂ ಸಿಗದ ಗುಣಗಳೂ ಇದ್ದುದು ಗಮನಾರ್ಹ.

1964ರ ಡ್ರಾಫ್ಟ್‌ನಲ್ಲಿ ಕೌಬಾಯ್ಸ್ ಎರಡನೇ ಸುತ್ತಿನಲ್ಲಿ ಮೆಲ್ ರೆನ್‌ಫ್ರೊ, ಏಳನೇ ಸುತ್ತಿನಲ್ಲಿ ಓಟಗಾರ ಬಾಬ್ ಹೇಸ್, ಹತ್ತನೇ ಸುತ್ತಿನಲ್ಲಿ ರೋಜರ್ ಸ್ಟಾಬಾಕ್‌ನನ್ನು ಆರಿಸಿತು. ಹೇಸ್ ಅದೇ ವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಚಿನ್ನ ಗೆದ್ದ. ಸ್ಟಾಬಾಕ್ ನೌಕಾಪಡೆಯ ಸೇವೆ ಮುಗಿಸಿ ಬರಲು 1969ರವರೆಗೆ ತಂಡ ಕಾಯಬೇಕಾಯಿತು. ಮೂವರೂ ಹಾಲ್ ಆಫ್ ಫೇಮ್ ಸೇರಿದರು. ಇದೆಲ್ಲ ಕಂಪ್ಯೂಟರಿನ ಪವಾಡವೆಂದರೆ ತಪ್ಪಾದೀತು. ಗಿಲ್ ಬ್ರಾಂಟ್ ನೇತೃತ್ವದ ಅನ್ವೇಷಕರ ಕಣ್ಣೂ ಹಿಂದಿತ್ತು. 1966ರಿಂದ 1985ರವರೆಗೆ ಸತತ 20 ವರ್ಷ ಕೌಬಾಯ್ಸ್ ಸೋತದ್ದಕ್ಕಿಂತ ಹೆಚ್ಚು ಪಂದ್ಯ ಗೆದ್ದಿತು.

ನಲವತ್ತು ಗಜದ ಓಟ

ಖರ್ಚು ಉಳಿಸಲು ತಂಡಗಳು ಕೂಡಿ ಮಾಹಿತಿ ಹಂಚಿಕೊಳ್ಳುವ ಒಕ್ಕೂಟಗಳು 1960ರ ದಶಕದಲ್ಲಿ ಹುಟ್ಟಿಕೊಂಡವು. 1982ರಲ್ಲಿ ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ಸಾಮೂಹಿಕ ಪರೀಕ್ಷಾ ಶಿಬಿರ ಆರಂಭವಾಯಿತು. ಮುಖ್ಯ ಉದ್ದೇಶ ವೈದ್ಯಕೀಯ ತಪಾಸಣೆಯನ್ನು ಒಂದೇ ಕಡೆ ಮುಗಿಸುವುದು. 1987ರಿಂದ ಇಂಡಿಯಾನಾಪೊಲಿಸ್ ನಗರದಲ್ಲಿ ನಡೆದುಬಂದ ಇದನ್ನು 'ಕಂಬೈನ್' ಎನ್ನುತ್ತಾರೆ.

ಇಲ್ಲಿ ಹುಡುಗರ ಎತ್ತರ, ತೂಕ, ತೋಳಿನ ಉದ್ದ, ಅಂಗೈ ಅಗಲವನ್ನೂ ಅಳೆಯುತ್ತಾರೆ. 225 ಪೌಂಡ್, ಅಂದರೆ ಸುಮಾರು 102 ಕಿಲೊ ಭಾರವನ್ನು ಎಷ್ಟು ಸಲ ಎತ್ತಬಲ್ಲರು ಎಂದು ಎಣಿಸುತ್ತಾರೆ. ಎಲ್ಲಕ್ಕಿಂತ ಪ್ರಸಿದ್ಧವಾದದ್ದು 40 ಗಜದ ಓಟ. ಒದ್ದ ಚೆಂಡು ಸುಮಾರು ಅಷ್ಟು ದೂರ ಹೋಗಿ ಬೀಳುವಷ್ಟರಲ್ಲಿ ಆಟಗಾರ ಅಲ್ಲಿರಬೇಕು ಎಂಬ ಲೆಕ್ಕದಲ್ಲಿ ಕೋಚ್ ಪಾಲ್ ಬ್ರೌನ್ ಇದನ್ನು ರೂಢಿಗೆ ತಂದರೆನ್ನುತ್ತಾರೆ. ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸಿದಂತೆ ಯುವಕರ ಮೈ ಪರೀಕ್ಷಿಸುವ ಈ ಬಗೆ ಗುಲಾಮರ ಸಂತೆಯನ್ನು ನೆನಪಿಸುತ್ತದೆ ಎಂಬ ಟೀಕೆಯೂ ಅಮೆರಿಕದಲ್ಲಿದೆ. ಆಟಗಾರರಲ್ಲಿ ಹೆಚ್ಚಿನವರು ಕರಿಯರು, ಮಾಲೀಕರಲ್ಲಿ ಹೆಚ್ಚಿನವರು ಬಿಳಿಯರು ಎಂಬುದೇ ಇದಕ್ಕೆ ಕಾರಣ.

ಇಷ್ಟೆಲ್ಲ ಅಳೆದರೂ ತಂಡಗಳು ಎಡವುವುದು ತಪ್ಪಿಲ್ಲ. 2000ನೇ ಇಸವಿಯ ಕಂಬೈನ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಟಾಮ್ ಬ್ರೇಡಿ 40 ಗಜ ಓಡಲು 5.28 ಸೆಕೆಂಡ್ ತೆಗೆದುಕೊಂಡ. ಆತನದು ಕ್ವಾರ್ಟರ್‌ಬ್ಯಾಕ್ ಸ್ಥಾನ. ಚೆಂಡನ್ನು ಯಾರಿಗೆ ಎಸೆಯಬೇಕೆಂದು ಕ್ಷಣಾರ್ಧದಲ್ಲಿ ನಿರ್ಧರಿಸುವ, ತಂಡದ ಮಿದುಳಿನಂಥ ಜಾಗ. ಆ ವರ್ಷ ಆರು ಕ್ವಾರ್ಟರ್‌ಬ್ಯಾಕ್‌ಗಳ ನಂತರ, 199ನೆಯವನಾಗಿ ಆತ ಆಯ್ಕೆಯಾದ. ಏಳು ಸೂಪರ್ ಬೌಲ್ ಗೆದ್ದು 2023ರಲ್ಲಿ ನಿವೃತ್ತನಾದ. ಇದಕ್ಕೆ ವಿರುದ್ಧವಾಗಿ, 1998ರಲ್ಲಿ ಎರಡನೆಯವನಾಗಿ ಆಯ್ಕೆಯಾದ ರಯಾನ್ ಲೀಫ್ ಕೆಲವೇ ವರ್ಷಗಳಲ್ಲಿ ಮರೆಯಾದ.

ಕಣ್ಣಿನ ಪೊರೆ

ಬ್ರೇಡಿಯ ವಿಷಯದಲ್ಲಿ ಆದದ್ದು ಅಂದಾಜಿನ ತಪ್ಪು. ಕರಿಯ ಕ್ವಾರ್ಟರ್‌ಬ್ಯಾಕ್‌ಗಳ ವಿಷಯದಲ್ಲಿ ಆದದ್ದು ಬೇರೆ. ಬುದ್ಧಿ ಬೇಕಾದ ಆ ಸ್ಥಾನಕ್ಕೆ ಕರಿಯರು ಸಲ್ಲರು, ಅವರೇನಿದ್ದರೂ ಓಡುವವರು ಎಂಬ ನಂಬಿಕೆ ದಶಕಗಳ ಕಾಲ ಬೇರೂರಿತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ವಾರೆನ್ ಮೂನ್ 1978ರ ಜನವರಿಯಲ್ಲಿ ಪ್ರತಿಷ್ಠಿತ ರೋಸ್ ಬೌಲ್ ಪಂದ್ಯದ ಶ್ರೇಷ್ಠ ಆಟಗಾರನೆನಿಸಿದ. ಆದರೂ ತನ್ನ ಸ್ಥಾನದಲ್ಲೇ ಆಡಲು ಎನ್‌ಎಫ್‌ಎಲ್‌ನಿಂದ ಕರೆ ಬರುವ ಲಕ್ಷಣ ಕಾಣದೆ ಕೆನಡಾಕ್ಕೆ ಹೋದ. ಅಲ್ಲಿ ಐದು ಸಲ ಗ್ರೇ ಕಪ್ ಗೆದ್ದ ತಂಡದಲ್ಲಿದ್ದು, 1984ರಲ್ಲಿ ತಾಯ್ನಾಡಿನ ಲೀಗ್‌ಗೆ ಬಂದ. 2006ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಆ ಗೌರವ ಪಡೆದ ಮೊದಲ ಕರಿಯ ಕ್ವಾರ್ಟರ್‌ಬ್ಯಾಕ್ ಆತ. ನಲವತ್ತು ವರ್ಷಗಳ ನಂತರ, 2018ರಲ್ಲಿ, ಲಮಾರ್ ಜ್ಯಾಕ್ಸನ್‌ಗೂ ಸ್ಥಾನ ಬದಲಿಸಿಕೋ ಎಂಬ ಸಲಹೆ ಬಂತು. 32ನೆಯವನಾಗಿ ಆಯ್ಕೆಯಾದ ಆತ ಕ್ವಾರ್ಟರ್‌ಬ್ಯಾಕ್ ಆಗಿಯೇ ಉಳಿದು 2019 ಮತ್ತು 2023ರ ಋತುಗಳಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರನೆನಿಸಿದ.

ಅರ್ಥಶಾಸ್ತ್ರಜ್ಞರೂ ಈ ವಿದ್ಯೆಯನ್ನು ಒರೆಗೆ ಹಚ್ಚಿದ್ದಾರೆ. 2017ರಲ್ಲಿ ನೊಬೆಲ್ ಪಡೆದ ರಿಚರ್ಡ್ ಥೇಲರ್ ಮತ್ತು ಕೇಡ್ ಮ್ಯಾಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಸ್ಥಾನಕ್ಕೆ ಒಬ್ಬನ ಹಿಂದೊಬ್ಬನಂತೆ ಆಯ್ಕೆಯಾದ ಆಟಗಾರರನ್ನು ಹೋಲಿಸಿದರು. ಮೊದಲು ಆಯ್ಕೆಯಾದವನೇ ಉತ್ತಮನೆಂದು ಸಾಬೀತಾದದ್ದು ನೂರಕ್ಕೆ 52 ಸಲ. ನಾಣ್ಯ ಚಿಮ್ಮಿದರೂ 50 ಸಿಗುತ್ತದೆ.

ಹಾಗೆಂದು ಹುಡುಕಾಟ ನಿಂತಿಲ್ಲ. 50 ಪ್ರಶ್ನೆಗಳಿಗೆ 12 ನಿಮಿಷದಲ್ಲಿ ಉತ್ತರಿಸಬೇಕಿದ್ದ ವಂಡರ್‌ಲಿಕ್ ಬುದ್ಧಿ ಪರೀಕ್ಷೆಯನ್ನು 2022ರಲ್ಲಿ ಕಂಬೈನ್‌ನಿಂದ ಕೈಬಿಡಲಾಯಿತು. ಅದೇ ವರ್ಷ ಎಲ್ಲರಿಗಿಂತ ಕೊನೆಯವನಾಗಿ, 262ನೆಯವನಾಗಿ ಆಯ್ಕೆಯಾದ ಬ್ರಾಕ್ ಪರ್ಡಿ 2024ರ ಫೆಬ್ರುವರಿಯಲ್ಲಿ ಸೂಪರ್ ಬೌಲ್ ಪಂದ್ಯದಲ್ಲಿ ತನ್ನ ತಂಡವನ್ನು ಮುನ್ನಡೆಸಿದ. ಒದ್ದೆ ಮೈದಾನದ ಅಂಕಿಯನ್ನು ನಂಬದೆ ಉಳಿದುಕೊಂಡ ಬಿಲ್ ನನ್ 2014ರಲ್ಲಿ ತೀರಿಕೊಂಡರು. 2021ರಲ್ಲಿ, ಸ್ಟಾಲ್‌ವರ್ತ್ ಇರುವ ಅದೇ ಹಾಲ್ ಆಫ್ ಫೇಮ್‌ನಲ್ಲಿ ಅವರ ಹೆಸರೂ ಸೇರಿತು.