ಪ್ರಾಥಮಿಕ ಶಾಲಾಮಕ್ಕಳ ಹಣ್ಣು-ತರಕಾರಿ ಸೇವನೆ: ಯಲಹಂಕ ಪ್ರದೇಶ

ಬೆಂಗಳೂರಿನ ಉತ್ತರಕ್ಕಿರುವ ಯಲಹಂಕದ ಸುತ್ತಣ ಸೀಮೆಯು ಬಹುಕಾಲದಿಂದ ಫಲಶಾಕಗಳಿಗೆ ಹೆಸರಾದುದು. ದೇವನಹಳ್ಳಿಯ ಚಕ್ಕೋತ, ತೂಬಗೆರೆಯ ಹಲಸು, ನೀಲಿ ದ್ರಾಕ್ಷಿ ಇಲ್ಲಿಯವೇ. ಹೆಬ್ಬಾಳದಲ್ಲಿ 1964ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾನಿಲಯವೂ ಹೆಸರಘಟ್ಟದಲ್ಲಿ 1967ರಲ್ಲಿ ಆರಂಭವಾದ ತೋಟಗಾರಿಕೆ ಸಂಶೋಧನ ಸಂಸ್ಥೆಯೂ ಸಮೀಪದಲ್ಲಿಯೇ ಇವೆ. ಆದಕಾರಣ ಇಲ್ಲಿಯ ಮಗುವಿನ ತಟ್ಟೆಯಲ್ಲಿ ಹಣ್ಣು-ತರಕಾರಿಗಳ ಕೊರತೆ ಕಂಡುಬಂದಲ್ಲಿ ಅದರ ಮೂಲವನ್ನು ಮನೆಯ ಖರ್ಚು, ಅಡುಗೆಯ ರೀತಿ, ಮಗುವಿನ ರುಚಿ ಇವುಗಳಲ್ಲಿ ಅರಸಬೇಕಾಗುತ್ತದೆ.

ಆರರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಕನಿಷ್ಠ 350 ಗ್ರಾಂ ಹಣ್ಣು-ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸೂಚಿಸಿತು. ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟದಲ್ಲಿ ಒಂದರಿಂದ ಐದನೆಯ ತರಗತಿಯವರಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆಗಳೊಡನೆ ದೊರೆಯಬೇಕಾದ ತರಕಾರಿಯ ಪ್ರಮಾಣ 50 ಗ್ರಾಂ; ಎಂದರೆ ಏಳರಲ್ಲಿ ಒಂದು ಪಾಲು. ಅದೂ ಪ್ರಾಯಶಃ ಹುಳಿಯ ರೂಪದಲ್ಲಿಯೇ ಬರುವುದರಿಂದ, ಆಲೂಗೆಡ್ಡೆಯನ್ನು ಆರಿಸಿ ತಿಂದ ಮಗು ಮೂಲಂಗಿಯ ಬಿಲ್ಲೆಗಳನ್ನೂ ಬದನೆಯ ಹೋಳುಗಳನ್ನೂ ತಟ್ಟೆಯಂಚಿಗೆ ಸರಿಸಿಬಿಡುವುದುಂಟು. ಕಹಿಯನ್ನು ಮಕ್ಕಳ ನಾಲಗೆ ಸುಲಭವಾಗಿ ಸಹಿಸದು. ಬಲವಂತವಿಲ್ಲದೆ ಹತ್ತಾರು ಬಾರಿ ಬಡಿಸಿದ ಮೇಲೆಯೇ ಹೊಸ ರುಚಿ ಒಗ್ಗುತ್ತದೆ.

ಈ ವಿಷಯದಲ್ಲಿ ಹಳೆಯ ಮೈಸೂರು ಸೀಮೆಯ ಮನೆಯಡುಗೆಯು ಬಹು ವಿವೇಕದ್ದು. ಬಸ್ಸಾರಿನಲ್ಲಿ ಸೊಪ್ಪನ್ನೂ ಕಾಳನ್ನೂ ಬೇಯಿಸಿ ಬಸಿದ ಕಟ್ಟೇ ಸಾರಾಗುವುದರಿಂದ, ನೀರಿಗಿಳಿದ ಫೋಲಿಕ್ ಆಮ್ಲ ಮೊದಲಾದ ಸತ್ತ್ವಗಳು ವ್ಯರ್ಥವಾಗದೆ ಮುದ್ದೆಯೊಡನೆ ಮಗುವಿನ ಹೊಟ್ಟೆ ಸೇರುತ್ತವೆ. ಉಳಿದ ಸೊಪ್ಪು-ಕಾಳು ಪಲ್ಯವಾಗುತ್ತದೆ, ಅದರ ಒಗ್ಗರಣೆಯ ಎಣ್ಣೆಯು ಸೊಪ್ಪಿನಲ್ಲಿರುವ ಕ್ಯಾರೊಟೀನನ್ನು ದೇಹವು ಹೀರಿಕೊಳ್ಳಲು ನೆರವಾಗುತ್ತದೆ. ಮಸ್ಸೊಪ್ಪಿನಲ್ಲಂತೂ ಎಲ್ಲವೂ ಮಸೆದುಹೋಗಿರುವುದರಿಂದ ಆರಿಸಿ ಬದಿಗಿಡಲು ತುಂಡೇ ಸಿಕ್ಕದು.

ಹಣ್ಣಿನ ಮಾತು ಬೇರೆ. ಶಾಲೆಯ ಬಾಗಿಲಲ್ಲಿ ಉಪ್ಪು-ಖಾರ ಹಚ್ಚಿ ಮಾರುವ ಸೀಬೆಕಾಯಿ, ನೆಲ್ಲಿಕಾಯಿಗಳನ್ನು ಕೆಟ್ಟ ಚಾಳಿಯೆಂದು ಗದರುವ ಹಿರಿಯರೇ ಐದು ರೂಪಾಯಿಯ ಕರಿದ ತಿಂಡಿಯ ಪೊಟ್ಟಣವನ್ನು ಕೈಯಾರೆ ಕೊಡಿಸುವುದು ವಿಚಿತ್ರವೇ ಸರಿ. 100 ಗ್ರಾಂ ಸೀಬೆಯಲ್ಲಿ ಸುಮಾರು 200 ಮಿಲಿಗ್ರಾಂ ಸಿ ಜೀವಸತ್ತ್ವವಿದ್ದು, ಕಿತ್ತಳೆಯಲ್ಲಿರುವುದರ ನಾಲ್ಕು ಪಟ್ಟಿನಷ್ಟಾಗುತ್ತದೆ. ರಾಗಿ, ಸೊಪ್ಪುಗಳ ಕಬ್ಬಿಣಾಂಶವು ರಕ್ತಗತವಾಗಲು ಇದು ಬಹಳ ಸಹಕಾರಿ. ಕಾಯಿಯನ್ನು ತೊಳೆದು, ಉಪ್ಪನ್ನು ಮಿತಗೊಳಿಸಿದರೆ ಆಕ್ಷೇಪಣೆಗೆ ಎಡೆಯಿಲ್ಲ.

ಸರಕಾರಿ ಬಿಸಿಯೂಟದಲ್ಲಿ ಹಣ್ಣಿಗೆ ಸ್ಥಾನ ದೊರೆತುದು ತೀರ ಈಚೆಗೆ: 2021ರಲ್ಲಿ ಕಲ್ಯಾಣ ಕರ್ನಾಟಕದಲ್ಲಿ ತೊಡಗಿ ಅನಂತರ ರಾಜ್ಯಕ್ಕೆಲ್ಲ ವ್ಯಾಪಿಸಿದ ಮೊಟ್ಟೆ ನೀಡುವ ಯೋಜನೆಯಲ್ಲಿ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಾರೆ. ಮೊಟ್ಟೆ ತಿನ್ನುವ ಮಗುವಿಗೆ ಆ ಹಣ್ಣೂ ಇಲ್ಲ.