ಧೂಮದ ಸಾಕ್ಷ್ಯ: ಉಪಗ್ರಹ ದಾಖಲೆಗಳಲ್ಲಿ ಪಂಜಾಬಿನ ಕೂಳೆ ಬೆಂಕಿ

ಪರ್ವತದಲ್ಲಿ ಧೂಮ ಕಂಡರೆ ಅಲ್ಲಿ ಅಗ್ನಿಯಿದೆಯೆಂದು ಅನುಮಾನಿಸುವುದು ಭಾರತೀಯ ತರ್ಕಶಾಸ್ತ್ರದ ಅತಿ ಪರಿಚಿತ ದೃಷ್ಟಾಂತ. ಉಪಗ್ರಹ ವೀಕ್ಷಣೆಯ ಇತಿಹಾಸದಲ್ಲಾದರೋ ಧೂಮ ಮತ್ತು ಅಗ್ನಿ ಬೇರೆ ಬೇರೆ ದಾರಿಗಳಿಂದ ಗೋಚರವಾದವು. ಅವನ್ನು ಕಾಣಿಸಿಕೊಟ್ಟ ಆರಂಭದ ಉಪಕರಣಗಳು ಆ ಉದ್ದೇಶಕ್ಕಾಗಿ ನಿರ್ಮಿತವಾದವುಗಳಲ್ಲ ಎಂಬುದು ಗಮನಾರ್ಹ.

ಹವಾಮಾನ ಉಪಗ್ರಹದ ಅವಕೆಂಪು ಚಿತ್ರದಲ್ಲಿ ಒಂದು ಬಿಂದು ನೆಲದ ಮೇಲೆ ಕಿಲೋಮೀಟರಿಗೂ ಮಿಕ್ಕಿದ ಅಗಲವನ್ನು ಪ್ರತಿನಿಧಿಸುತ್ತಿತ್ತು. ಅದರೊಳಗಿನ ಸಣ್ಣ ಉರಿಯನ್ನೂ ಗುರುತಿಸಬಹುದೆಂದು ಮೈಕೆಲ್ ಮ್ಯಾಟ್ಸನ್ ಮತ್ತು ಜೆಫ್ ಡೋಜಿಯರ್ 1981ರಲ್ಲಿ ತೋರಿಸಿದರು. ಸುಮಾರು 3.7 ಮೈಕ್ರೊಮೀಟರ್ ತರಂಗಾಂತರದಲ್ಲಿ ಉಷ್ಣತೆ ಏರಿದಂತೆ ವಿಕಿರಣವು ತೀವ್ರವಾಗಿ ಹೆಚ್ಚುವುದೇ ಇದಕ್ಕೆ ಕಾರಣ. ಹೊಗೆಯ ಕಥೆ ಇನ್ನೂ ವಿಚಿತ್ರವಾದುದು. 1978ರಲ್ಲಿ ಉಡಾವಣೆಯಾದ ನಿಂಬಸ್-7ರ ಒಂದು ಉಪಕರಣವು ಓಜೋನನ್ನು ಅಳೆಯಲೆಂದು ಅತಿನೇರಳೆ ಬೆಳಕನ್ನು ದಾಖಲಿಸುತ್ತಿತ್ತು. ಆ ಬೆಳಕನ್ನು ಮೋಡ ಚದುರಿಸುತ್ತದೆ. ಹೊಗೆ ಮತ್ತು ಮರುಭೂಮಿಯ ಧೂಳು ಹೀರುತ್ತವೆ. ಈ ವ್ಯತ್ಯಾಸವನ್ನು ಕ್ರಿಸ್ಟಿನಾ ಸೂ, ಜೇ ಹರ್ಮನ್ ಮೊದಲಾದವರು 1996-97ರ ಪ್ರಬಂಧಗಳಲ್ಲಿ ಹೊಗೆಯ ಸೂಚ್ಯಂಕವಾಗಿ ಬಳಸಿದರು. ಹಳೆಯ ಶಾಸನವನ್ನು ಹೊಸದಾಗಿ ಓದಿದಂತೆ, ಎರಡು ದಶಕಗಳ ಹಿಂದಿನ ದತ್ತಾಂಶದಿಂದಲೂ ಹೊಗೆ ಮೇಲೆದ್ದಿತು. ಆದರೆ ನೆಲಕ್ಕಂಟಿದ ಹೊಗೆ ಈ ವಿಧಾನಕ್ಕೆ ಅಷ್ಟಾಗಿ ನಿಲುಕದು.

ಉತ್ತರ ಭಾರತದ ಹೊಗೆ ಬಹುಮಟ್ಟಿಗೆ ಅಂಥದೇ. ಕೊಯ್ಲು ಯಂತ್ರವು ಭತ್ತದ ಕೂಳೆಯನ್ನು ಗದ್ದೆಯಲ್ಲೇ ಉಳಿಸುತ್ತದೆ. ಗೋಧಿ ಬಿತ್ತನೆಗೆ ಉಳಿಯುವುದು ಕೆಲವೇ ವಾರ. ಅಂತರ್ಜಲ ರಕ್ಷಣೆಗಾಗಿ ಪಂಜಾಬ್ 2009ರಲ್ಲಿ ತಂದ ಕಾನೂನು ಜೂನ್ 10ಕ್ಕೆ ಮುಂಚಿನ ನಾಟಿಯನ್ನು ನಿಷೇಧಿಸಿತು. ಕೊಯ್ಲೂ ಹಿಂದೆ ಸರಿಯಿತು. ಟೆರಾ (1999) ಮತ್ತು ಆಕ್ವಾ (2002) ಉಪಗ್ರಹಗಳ ದಾಖಲೆಯಲ್ಲಿ ಬೆಂಕಿಯ ಪರಾಕಾಷ್ಠೆಯು ಗಾಳಿ ಮಂದವಾಗುವ ನವೆಂಬರಿನತ್ತ ಜರುಗಿರುವುದು ಸ್ಪಷ್ಟವಾಗಿದೆ. ನೀರನ್ನು ಉಳಿಸುವ ಶಾಸನವೊಂದು ಗಾಳಿಯ ಚರಿತ್ರೆಯಲ್ಲಿ ಹೀಗೆ ಅಚ್ಚೊತ್ತಿತು.

ಈ ಬಿಂದುಗಳು ಕ್ರಮೇಣ ಆಡಳಿತದ ಸಾಕ್ಷ್ಯಗಳಾದವು. ಅವುಗಳ ಆಧಾರದಿಂದ ರೈತರಿಗೆ ದಂಡ ವಿಧಿಸಲಾಯಿತು, ಭೂದಾಖಲೆಗಳಲ್ಲಿ ಕೆಂಪು ನಮೂದು ಮಾಡಲಾಯಿತು. ಪಂಜಾಬಿನ ಅಧಿಕೃತ ಎಣಿಕೆ 2021ರ 71,304ರಿಂದ 2024ರಲ್ಲಿ 10,909ಕ್ಕೆ ಇಳಿಯಿತು. ಇಳಿಕೆಯನ್ನು ಹಾಗೆಯೇ ಒಪ್ಪುವುದು ಕಷ್ಟ. ಎಣಿಕೆಗೆ ಮುಖ್ಯ ಆಧಾರವಾದ ಧ್ರುವೀಯ ಉಪಗ್ರಹಗಳು ಹಗಲಿನಲ್ಲಿ ಹಾದುಹೋಗುವುದು ಮಧ್ಯಾಹ್ನ ಒಂದೂವರೆಯ ಆಸುಪಾಸು. ನಾಸಾದ ಹಿರೇನ್ ಜೆಠ್ವಾ ಅವರು 2024ರಲ್ಲಿ ದಕ್ಷಿಣ ಕೊರಿಯಾದ ಭೂಸ್ಥಿರ ಉಪಗ್ರಹದ ಚಿತ್ರಗಳನ್ನು ಪರಿಶೀಲಿಸಿ, ಆ ಹೊತ್ತು ಕಳೆದ ಮೇಲೆ ಬೆಂಕಿ ಹೆಚ್ಚುತ್ತಿರುವುದನ್ನು ಎತ್ತಿ ತೋರಿದರು. ಬೆಂಕಿಯ ಎಣಿಕೆ ತಗ್ಗಿದ ಪ್ರಮಾಣದಲ್ಲಿ ಹೊಗೆ ತಗ್ಗಿರಲಿಲ್ಲ. ಇಲ್ಲಿ ಧೂಮವೇ ಅಗ್ನಿಯ ಲೆಕ್ಕವನ್ನು ಪ್ರಶ್ನಿಸಿತು.

ಹಾದುಹೋಗುವ ವೇಳೆಯನ್ನು ತಪ್ಪಿಸಿದ ಬೆಂಕಿಯೂ ಕಪ್ಪು ಗುರುತನ್ನು ಬಿಟ್ಟಿರುತ್ತದೆ. ಹತ್ತು ಮೀಟರಿನ ಸ್ಪಷ್ಟತೆಯುಳ್ಳ ಸೆಂಟಿನೆಲ್-2ರ ಚಿತ್ರಗಳಲ್ಲಿ ಸುಟ್ಟ ಗದ್ದೆಯನ್ನು ಮರುದಿನಗಳಲ್ಲೂ ಗುರುತಿಸಬಹುದು, ರೈತನು ಅದನ್ನು ಉಳುವವರೆಗೆ.